ಕೂತ ಅಳತೆ

ನಿಂತವರ ಅಳತೆ ಮೂವತ್ತು ವರ್ಷ ತೆಗೆದಿದ್ದೇನೆ
ಸಾಲಗಾಮೆ ರಸ್ತೆಯ ಈ ಆರಡಿ ಅಂಗಡಿಯಲ್ಲಿ.
ಧರಣೇಂದ್ರಯ್ಯ ಬಂದವರೇ ಸ್ಟೂಲು ಎಳೆದು ಕೂತರು.
ಕಾಲು ಮುಂದಕ್ಕೆ ಚಾಚಿ, ಎರಡೂ ಕೈಯಲ್ಲಿ
ಇಲ್ಲದ ಹಿಡಿಕೆಯೊಂದನ್ನು ಹಿಡಿದು,
"ಹೀಗೇ ತಗೊಳ್ಳಿ ಸೆಲಿನಮ್ಮ,
ಮೇಲೆ ನಾನು ನಿಲ್ಲೋದೇ ಇಲ್ಲ" ಅಂದರು.

ಪಂಪ್‌ಸೆಟ್ಟಿನ ಸುಟ್ಟ ಮೋಟರಿಗೆ ತಾಮ್ರ ಸುತ್ತುವ ಮನುಷ್ಯ.
ಭಾನುವಾರವಾದರೆ ದುದ್ದದ ಕಡೆಯ ಬಯಲಲ್ಲಿ
ಮೂರು ಗಾಲಿ, ಒಂದು ಬಟ್ಟೆಯ ರೆಕ್ಕೆ.
ಬಾಗಿಲಿಲ್ಲ, ಗಾಜಿಲ್ಲ, ಸೂರಿಲ್ಲ.

ಕೂತರೆ ಬೆನ್ನು ಎರಡಿಂಚು ಬೆಳೆಯುತ್ತದೆ.
ತೋಳು ಚಾಚಿದರೆ ಮಣಿಕಟ್ಟು ಬತ್ತಲೆ.
ಅಷ್ಟು ಸಾಕಂತೆ ಗಾಳಿಗೆ
ಒಳಗೆ ನುಗ್ಗಿ ಕಂಕುಳಲ್ಲಿ ಸಂಸಾರ ಹೂಡಲು.

ಮೊದಲ ಕೋಟಿಗೆ ಚಂದದ ಹಿತ್ತಾಳೆ ಗುಂಡಿ ಇಟ್ಟಿದ್ದೆ.
ಒಂದೊಂದನ್ನೂ ತಿರುಚಿ ನೋಡಿ ಕತ್ತರಿ ಕೇಳಿದರು.
ಫ್ಯಾನು ತಿರುಗುವುದು ಬೆನ್ನ ಹಿಂದೆ;
ಕಿತ್ತುಹೋದದ್ದೆಲ್ಲ ಅದರ ಬಾಯಿಗೇ,
ಗುಂಡಿ, ಕರ್ಚೀಫು, ಜೇಬಿನ ಬಸ್ ಟಿಕೇಟು.
ಒಮ್ಮೆ ಕೈಗವಸು ಹಾರಿ ಫ್ಯಾನು ಮುಕ್ಕಾಗಿ
ಯಾರದೋ ಆಲೂಗಡ್ಡೆ ಹೊಲಕ್ಕೆ ಇಳಿದರಂತೆ.
ಹೊಲದವಳು ಮುರಿದ ಗಿಡ ಎಣಿಸಿ
ಗಿಡಕ್ಕಿಷ್ಟು ಅಂತ ವಸೂಲಿ ಮಾಡಿದಳಂತೆ.
ಅಂದಿನಿಂದ ಜಿಪ್ಪು. ಜಿಪ್ಪಿನ ಮೇಲೊಂದು ಪಟ್ಟಿ.
ಕೈಗವಸಿಗೆ ದಾರ,
ಅಂಗನವಾಡಿ ಮಗುವಿಗೆ ಕಟ್ಟುವ ಹಾಗೆ
ಈ ತೋಳಿಂದ ಆ ತೋಳಿಗೆ, ಒಳಗಿಂದಲೇ.

ಧನುರ್ಮಾಸದ ಬೆಳಗಿಗೆ
ಮೈಗಂಟುವ ಬನಿಯನ್ನು, ಅದರ ಮೇಲೆ ಉಲ್ಲನ್ನು,
ಅದರ ಮೇಲೆ ಗಾಳಿ ತೂರದ ಬಟ್ಟೆ. ಎಲ್ಲವೂ ಸಡಿಲ.
ಎರಡು ಜೊತೆ ಕಾಲುಚೀಲ ಬಿಗಿದರೆ
ಒಂದಕ್ಕಿಂತ ಹೆಚ್ಚು ಚಳಿ.
ರಕ್ತಕ್ಕೂ ಓಡಾಡಲು ಜಾಗ ಬೇಕಲ್ಲ.
ಹೆಲ್ಮೆಟ್ಟಿನೊಳಗೆ ಮಂಕಿಕ್ಯಾಪಿನ ಕುಚ್ಚು
ನೆತ್ತಿಗೊತ್ತಿ ತಲೆನೋವು ಅಂದರು, ಕುಚ್ಚು ಕತ್ತರಿಸಿದೆ.
ಎದೆಯ ಒಳಪದರಕ್ಕೆ ಕಂಬಳಿಯ ತುಂಡು ಹೊಲಿದೆ.
"ಚುಚ್ಚುತ್ತೆ" ಅಂದರು. ಆಮೇಲೆ,
"ಚುಚ್ಚಲಿ ಬಿಡಿ, ನಿದ್ದೆ ಹತ್ತಲ್ಲ."

ಏಪ್ರಿಲ್ಲಿನದು ಬೇರೆ ಜಗಳ.
ಕೆಳಗೆ ಬಿಸಿಲಲ್ಲಿ ನಿಂತು ಬೆವರಿದರೆ
ಮೇಲೆ ಅದೇ ಬೆವರು ಐಸು.
ತೆಳುವಾಗಿರಲಿ, ತೋಳು ಮಾತ್ರ ಉದ್ದ ಇರಲಿ,
ಇಂಜಿನ್ನು ಗುಟುರು ಹಾಕುವ ತನಕ ಜಿಪ್ಪು ಏರಿಸಬಾರದು.

ಮಳೆಗಾಲಕ್ಕೆ?
"ಮಳೆಗಾಲಕ್ಕೆ ಲುಂಗಿ.
ಅಂಗಡೀಲಿ ಕೂತು ಮೋಟರ್ ಸುತ್ತೋದು."

ಈ ಸಲದ ಮಾಗಿಯಲ್ಲಿ ಹಿಂದಿನ ಸೀಟು ಖಾಲಿ ಇದೆ, ಬನ್ನಿ ಅಂದರು.
ಸ್ಟೂಲಿನ ಮೇಲೆ ಕೂತು, ಟೇಪಿನ ತುದಿ ಹಲ್ಲಲ್ಲಿ ಕಚ್ಚಿ
ನನ್ನ ಅಳತೆ ನಾನೇ ತೆಗೆದುಕೊಂಡೆ.
ಐವತ್ತೆಂಟಕ್ಕೆ ಮೊದಲ ಪ್ಯಾಂಟು.
ಕಾಜಾ ಹಾಕುವ ಶಾಹಿದಾ
ನಕ್ಕೂ ನಕ್ಕೂ ಮಿಷನ್ನಿಗೆ ಹಣೆ ಆನಿಸಿದಳು.

ಸೀಗೆಗುಡ್ಡ ಹೇಗೆ ಕಂಡಿತು, ಊರು ಎಷ್ಟಾಗಿ ಕಂಡಿತು
ಎಂದೆಲ್ಲ ಕೇಳಬೇಡಿ. ನಾನು ನೋಡಿದ್ದು ಕಮ್ಮಿ.
ಎಡಗಂಕುಳಲ್ಲಿ, ಎರಡು ಸಾಲು ಹಾಕಬೇಕಾದಲ್ಲಿ
ಒಂದೇ ಸಾಲು ಎಳೆದು ಮುಗಿಸಿದ್ದೆನಲ್ಲ,
ಗಾಳಿ ನೇರ ಅಲ್ಲಿಗೇ ಬಂತು,
ಹಳೇ ಸಾಲಗಾರನ ಹಾಗೆ, ವಿಳಾಸ ಕೇಳದೆ.
ಮೂವತ್ತು ವರ್ಷದಲ್ಲಿ ಒಬ್ಬ ಗಿರಾಕಿಯೂ ಹಿಡಿಯದ್ದನ್ನು
ಹತ್ತು ನಿಮಿಷದಲ್ಲಿ ಓದಿ ಮುಗಿಸಿತು.

ಆ ರಾತ್ರಿ ಯಾರ್ಯಾರದೋ ರವಿಕೆಗಳು ನೆನಪಾದವು.
ಮದುವೆಯವು, ಯೂನಿಫಾರ್ಮು,
ಅವಸರಕ್ಕೆ ಕೊಟ್ಟು ಕಳಿಸಿದವು.

ಬೆಳಿಗ್ಗೆ, ಜಿಪ್ಪು ರಿಪೇರಿಗೆ ಬಂದಿದ್ದ
ಧರಣೇಂದ್ರಯ್ಯನವರ ಕೋಟು ಮಗುಚಿ ಎಡತೋಳು ನೋಡಿದೆ.
ಅಲ್ಲೂ ನನ್ನದು ಒಂದೇ ಸಾಲು.
ಅದರ ಪಕ್ಕಕ್ಕೆ, ಸೊಟ್ಟಸೊಟ್ಟ,
ಅವರೇ ಹಾಕಿಕೊಂಡ ಇನ್ನೊಂದು,
ಮೋಟರಿಗೆ ಸುತ್ತುವ ಎಳೆತಾಮ್ರದಲ್ಲಿ.